ಮೊಡವೆಗೂ ಬಿಸಿಲಿಗೆ ಬೆಂದ ಕೆನ್ನೆಗೂ ಎಲ್‌ಇಡಿ: ಎರಡು ವರ್ಷ ಕೂತು ಕಲಿತದ್ದು

"ಏನೋ, ಡಿಸ್ಕೋ ಲೈಟ್ ಹಾಕ್ಕೊಂಡು ಕೂತಿದ್ದೀಯಾ?" ಅಂತ ನಕ್ಕ ಗೆಳೆಯನೇ ಹೋದ ತಿಂಗಳು ಬಂದು, ಮುಖದ ಮೇಲೆ ಬೆಳಕು ಬೀಳಿಸುವ ನಿನ್ನ ಆ ಎಲ್‌ಇಡಿ ಪ್ಯಾನಲ್ ಸ್ವಲ್ಪ ದಿನ ಕೊಡ್ತೀಯಾ ಅಂತ ಕೇಳಿದ. ಅವನು ಡಾಕ್ಟರು ಬೇರೆ. ಚರ್ಮದ ಡಾಕ್ಟರಲ್ಲ, ಮೂಳೆ ಡಾಕ್ಟರು. ಆದರೂ ನನ್ನ ಮುಖದ ಬಗ್ಗೆ ಅವನಷ್ಟು ಉಪದೇಶ ಯಾರೂ ಕೊಟ್ಟಿಲ್ಲ. ಅದಕ್ಕೇ ಇದನ್ನು ಬರೆಯಲೇಬೇಕು ಅನ್ನಿಸಿತು. ಪ್ಯಾನಲ್ ಕಟ್ಟುವುದು, ಎಲ್‌ಇಡಿಗೆ ಹದವಾಗಿ ಕರೆಂಟ್ ಕೊಡುವ ಡ್ರೈವರ್ ಆರಿಸುವುದು, ಬಿಸಿ ಎಳೆಯುವ ಹೀಟ್‌ಸಿಂಕ್ ಕೂರಿಸುವುದು ನಿಮಗೆ ಗೊತ್ತಿರುತ್ತೆ, ಅದನ್ನು ಮತ್ತೆ ಹೇಳಲ್ಲ. ಎಲ್ಲೆಲ್ಲಿ ಮುಗ್ಗರಿಸಿದೆ, ಎಷ್ಟು ದುಡ್ಡು ಸುಟ್ಟೆ, ಕೊನೆಗೆ ಯಾವುದು ಕೆಲಸ ಮಾಡಿತು, ಅಷ್ಟೇ.

ನನ್ನದು ಕಂದು ಚರ್ಮ. ದಿನಕ್ಕೆ ಆರೇಳು ಗಂಟೆ ವಾಹನ ಓಡಿಸುವ ಕೆಲಸ. ಹಾಗಾಗಿ ಕಿಟಕಿ ಕಡೆಯ ಕೆನ್ನೆ ಒಂದು ಬಣ್ಣ, ಇನ್ನೊಂದು ಕೆನ್ನೆ ಇನ್ನೊಂದು ಬಣ್ಣ. ಗಾಜು ಏರಿಸಿದ್ದೀನಲ್ಲ ಅಂತ ನೆಮ್ಮದಿಯಾಗಿದ್ದೆ. ಬಿಸಿಲಿನ ಅತಿನೇರಳೆ ಕಿರಣದಲ್ಲಿ (ಯುವಿ) ಕಿಟಕಿ ಗಾಜು ಯುವಿ-ಬಿಯನ್ನು ತಡೆಯುತ್ತೆ, ಯುವಿ-ಎ ಮಾತ್ರ ಆರಾಮಾಗಿ ಒಳಗೆ ಬರುತ್ತೆ. ಆ ಕೆನ್ನೆ ಒರಟಾಗಿ, ಮಚ್ಚೆ ಮಚ್ಚೆಯಾಗಿ, ಕಣ್ಣಿನ ಅಂಚಲ್ಲಿ ಗೆರೆ ಬಿದ್ದು, ವಯಸ್ಸಿಗಿಂತ ಹತ್ತು ವರ್ಷ ಮುಂದೆ ಓಡುತ್ತಿತ್ತು. ಅದರ ಮೇಲೆ ಮೊಡವೆ. ಮೂವತ್ತು ದಾಟಿದ ಮೇಲೂ ಎರಡೂ ಕೆನ್ನೆ ಸೇರಿ ಸುಮಾರು 38-40 ಕೆಂಪು ಗುಳ್ಳೆ. ಬ್ಲ್ಯಾಕ್‌ಹೆಡ್ ಬಿಟ್ಟು ಎಣಿಸಿದ್ದು.

ಮೊದಲು ದುಡ್ಡು ಹೋಗಿದ್ದು ಅಂಗಡಿಯ ರೆಡಿ ಎಲ್‌ಇಡಿ ಮಾಸ್ಕಿಗೆ. ಅರ್ಧ ತಿಂಗಳ ಸಂಬಳ. ಮೂರು ತಿಂಗಳು ದಿನಾ ಹತ್ತು ನಿಮಿಷ ಹಾಕಿಕೊಂಡೆ, ಏನೂ ಆಗಲಿಲ್ಲ. ಆಮೇಲೆ ಬಿಚ್ಚಿ ನೋಡಿದರೆ ಒಳಗೆ ಒಂದಿಷ್ಟು ಚಿಲ್ಲರೆ ಎಲ್‌ಇಡಿ, ಬಳ್ಳಿ ದೀಪದ ಥರ. ಚರ್ಮದ ಹತ್ತಿರ ಅಳೆದಾಗ ಸಿಕ್ಕಿದ್ದು ಚದರ ಸೆಂಟಿಮೀಟರಿಗೆ ಮೂರ್ನಾಲ್ಕು ಮಿಲಿವಾಟ್. ಆ ಲೆಕ್ಕದಲ್ಲಿ ಚದರ ಸೆಂಟಿಮೀಟರಿಗೆ 40 ಜೂಲ್ ಡೋಸ್, ಅಂದರೆ ಚರ್ಮಕ್ಕೆ ಬೀಳುವ ಒಟ್ಟು ಬೆಳಕಿನ ಶಕ್ತಿ, ತಲುಪಬೇಕು ಅಂದರೆ ಮೂರು ಗಂಟೆ ಕೂತಿರಬೇಕು! ಆ ದುಡ್ಡಲ್ಲಿ ಮೂರು ಪ್ಯಾನಲ್ ಕಟ್ಟಬಹುದಿತ್ತು, ಆಮೇಲೆ ಕಟ್ಟಿಯೂ ಬಿಟ್ಟೆ.

ಮೊದಲನೇ ಪ್ಯಾನಲ್ ಕಥೆ ಹೇಳಲು ನಾಚಿಕೆ ಆಗುತ್ತೆ. 415 ನ್ಯಾನೋಮೀಟರ್ (ಬೆಳಕಿನ ತರಂಗದ ಉದ್ದ, ಯಾವ ಬಣ್ಣ ಅಂತ ಹೇಳುವ ಅಂಕಿ) ಅಂತ ಬರೆದಿದ್ದ ಎಲ್‌ಇಡಿ ಚಿಪ್ ತರಿಸಿದೆ, ಬಂದಿದ್ದು 395ರ ಆಸುಪಾಸಿನದು. ಹಚ್ಚಿದ ತಕ್ಷಣ ನನ್ನ ಬಿಳಿ ಬನಿಯನ್ ಟ್ಯೂಬ್‌ಲೈಟ್ ಥರ ಹೊಳೆಯಿತು. ಬಟ್ಟೆ ಸೋಪಿನಲ್ಲಿರುವ ಬೆಳ್ಳಗೆ ಕಾಣಿಸುವ ಪುಡಿ ಹಾಗೆ ಜೋರಾಗಿ ಹೊಳೆದರೆ ಬೆಳಕು ಯುವಿ ಕಡೆ ಜಾರಿದೆ ಅಂತ ಅನುಮಾನ ಬರಬೇಕಿತ್ತು. ಬರಲಿಲ್ಲ. ಚೆಂದ ಇದೆ ಅಂತ ಫೋಟೋ ತೆಗೆದೆ. ಅದರ ಜೊತೆಗೆ ಆಗ ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯೋಟಿಕ್ ಮಾತ್ರೆ ಬೇರೆ ನುಂಗುತ್ತಿದ್ದೆ, ಅದು ಚರ್ಮವನ್ನು ಬೆಳಕಿಗೆ ಹೆದರುವ ಹಾಗೆ ಮಾಡುತ್ತೆ ಅಂತ ಪೊಟ್ಟಣದ ಮೇಲೇ ಬರೆದಿರುತ್ತೆ, ಓದುವವರು ಯಾರು. ನಾಲ್ಕನೇ ದಿನ ಮುಖ ಸುಟ್ಟ ಬದನೆಕಾಯಿ. ಮಾತ್ರೆ ಮುಗಿದು ಕೆಲವು ವಾರ ಕಳೆಯುವ ತನಕ ಯಾವ ದೀಪದ ಮುಂದೆಯೂ ಕೂರಲಿಲ್ಲ.

ಎರಡನೇದರಲ್ಲಿ ಉಲ್ಟಾ ತಪ್ಪು. ಹೆದರಿ ಸಾಮಾನ್ಯ ನೀಲಿ, 450-460ರದ್ದು ಹಾಕಿದೆ. ಕಣ್ಣಿಗೆ ಎಷ್ಟು ಜೋರು ಅಂದರೆ ರೂಮೆಲ್ಲ ನೀಲಿ. ಎರಡು ತಿಂಗಳಲ್ಲಿ ಗುಳ್ಳೆ ಕಡಿಮೆ ಆಗಿದ್ದು ನಾಲ್ಕೋ ಐದೋ. ಮೊಡವೆ ಬ್ಯಾಕ್ಟೀರಿಯಾದೊಳಗೆ ಬೆಳಕು ಹೀರುವ ಪಾರ್ಫಿರಿನ್ ಅನ್ನೋ ವಸ್ತು ಇರುತ್ತೆ, ಬೆಳಕು ಹೀರಿ ಅದು ಆ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತೆ. ಅದು ಜಾಸ್ತಿ ಹೀರುವುದು 405-415ರ ಹತ್ತಿರ, ಇದು ನಮಗೆಲ್ಲ ಬಾಯಿಪಾಠ. ಆದರೆ ಕೈಗೆ ಬಂದಾಗ ಕಣ್ಣು ಮೋಸ ಮಾಡುತ್ತೆ. ಸರಿಯಾದ 415 ಕಣ್ಣಿಗೆ ಮಂಕು ನೇರಳೆ, ಏನೂ ಶಕ್ತಿ ಇಲ್ಲದ ಹಾಗೆ ಕಾಣುತ್ತೆ. ಕಣ್ಣಿಗೆ ಮಂಕು ಅಂತ ಹತ್ತಿರ ಇಣುಕಬೇಡಿ, ರೆಟಿನಾಕ್ಕೆ ಅದು ಮಂಕಲ್ಲ. ಬೆಳಕೇ ತೂರದ ಬಟ್ಟಲಿನಂಥ ಕನ್ನಡಕ ಇಲ್ಲದೆ ನಾನು ಸ್ವಿಚ್ ಮುಟ್ಟಲ್ಲ. 2019ರಲ್ಲಿ ಒಂದು ಹೆಸರುವಾಸಿ ಮೊಡವೆ ಮಾಸ್ಕನ್ನು ಕಂಪನಿಯೇ ವಾಪಸ್ ತೆಗೆದುಕೊಂಡಿದ್ದು ಕಣ್ಣಿನ ಭಯಕ್ಕೇ ಅಲ್ವಾ.

ಮೂರನೇ ಪ್ಯಾನಲ್ ಸರಿ ಬಂತು. ನಿಜವಾದ 415, ದಿನಾ ಇಪ್ಪತ್ತು ನಿಮಿಷ. ಐದನೇ ವಾರಕ್ಕೆ ಗುಳ್ಳೆ ಅರ್ಧಕ್ಕೆ ಇಳಿದವು. ಕುಣಿದಾಡಿದೆ. ಎಂಟನೇ ವಾರಕ್ಕೆ ತಂಗಿ ಬಂದು ನೋಡಿದವಳೇ, "ಅಣ್ಣಾ, ಮುಖ ಯಾಕೋ ಮಸಿ ಬಳಿದ ಹಾಗಿದೆ" ಅಂದಳು. ನಿಜ. ಗುಳ್ಳೆ ಹೋದ ಜಾಗದಲ್ಲಿ ಇದ್ದ ಕಂದು ಕಲೆಗಳು ಕಪ್ಪಾಗಿದ್ದವು. ಹಣೆಯ ಮೇಲೆ ಬಂಗಿನ ಥರ ಒಂದು ಮೋಡ. ತಿಳಿ ಚರ್ಮದವರ ಅನುಭವ ಓದಿಕೊಂಡು ಅದೇ ಡೋಸ್ ಹಾಕಿದ್ದು ನನ್ನ ತಪ್ಪು. ಕಂದು ಚರ್ಮದ ಬಣ್ಣವನ್ನು ಈ ಕುಳ್ಳ ತರಂಗದ ನೀಲಿ ಬೆಳಕು ಏರಿಸುತ್ತೆ, ಯುವಿ ಇಲ್ಲದಿದ್ದರೂ ಏರಿಸುತ್ತೆ, ಏರಿದ್ದು ಬೇಗ ಇಳಿಯಲ್ಲ. ಕೆಂಪು 630 ಹಾಗೆ ಮಾಡಲ್ಲ. ಇದು ಅಚ್ಚಾದ ಅಧ್ಯಯನಗಳಲ್ಲೇ ಇದೆ, ನಾನು ಓದಿದ್ದು ಮುಖ ಕಪ್ಪಾದ ಮೇಲೆ.

ಇಲ್ಲೇ ತಲೆ ಕೆಟ್ಟು ದೊಡ್ಡ ಖರ್ಚಿಗೆ ಬಿದ್ದೆ. ಕಲೆ ತೆಗೆಸಲು ಒಂದು ಕ್ಲಿನಿಕ್ಕಲ್ಲಿ ಐಪಿಎಲ್, ಅಂದರೆ ಜೋರು ಬೆಳಕನ್ನು ಮಿಂಚಿನ ಥರ ಚರ್ಮಕ್ಕೆ ಹೊಡೆಯುವ ಚಿಕಿತ್ಸೆ. ಹೆಸರು ಬೇಡ. ಎರಡು ಸಿಟ್ಟಿಂಗಿಗೆ ಕೊಟ್ಟ ದುಡ್ಡು ನಾನು ಇವತ್ತಿನ ತನಕ ಕಟ್ಟಿದ ಎಲ್ಲ ಪ್ಯಾನಲ್‌ಗಳ ಒಟ್ಟು ಖರ್ಚಿಗಿಂತ ಜಾಸ್ತಿ. ಐಪಿಎಲ್ ಕೆಟ್ಟದ್ದು ಅಂತ ನಾನು ಹೇಳಲ್ಲ. ತಿಳಿ ಚರ್ಮದ ಬಿಸಿಲ ಮಚ್ಚೆಗೆ ಅದು ಒಳ್ಳೆಯದೇ. ಆದರೆ ಆ ಬೆಳಕಿಗೆ ಮಚ್ಚೆಯ ಮೆಲನಿನ್ (ಚರ್ಮಕ್ಕೆ ಬಣ್ಣ ಕೊಡುವ ವಸ್ತು) ಯಾವುದು, ಸುತ್ತಲಿನ ಚರ್ಮದ ಮೆಲನಿನ್ ಯಾವುದು ಗೊತ್ತಾಗಲ್ಲ. ಬಿಸಿಲಲ್ಲಿ ಕಂದಿದ ನನ್ನ ಕೆನ್ನೆ ಮೇಲೆ ಟೆಸ್ಟ್ ಶಾಟ್ ಕೂಡ ಹಾಕದೆ ಹೊಡೆದರು. ಹ್ಯಾಂಡ್‌ಪೀಸ್ ಎಷ್ಟಗಲ ಇತ್ತೋ ಅಷ್ಟಗಲದ ಆಯತ, ಸಾಲಾಗಿ ನಾಲ್ಕು, ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗೆ. ಮಾಸಲು ಏಳು ತಿಂಗಳು ಬೇಕಾಯಿತು. ಮೂಳೆ ಡಾಕ್ಟರು ಆಗ ಹೇಳಿದ ಮಾತು ಇಲ್ಲಿ ಬರೆಯುವ ಹಾಗಿಲ್ಲ.

ಎರಡು ತಿಂಗಳು ಎಲ್ಲ ನಿಲ್ಲಿಸಿದೆ. ರಾತ್ರಿ ಮೊಡವೆಗೆ ಹಚ್ಚುವ ಅಡಾಪಲೀನ್, ಹಗಲು ಸನ್‌ಸ್ಕ್ರೀನ್, ಅಷ್ಟೇ. ಸನ್‌ಸ್ಕ್ರೀನ್ ಕೂಡ ಬದಲಾಯಿಸಿದೆ. ಬಿಳಿಯದು ಯುವಿ ತಡೆದರೂ ಕಣ್ಣಿಗೆ ಕಾಣುವ ನೀಲಿಯನ್ನು ಅಷ್ಟಾಗಿ ತಡೆಯಲ್ಲ, ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ತಡೆಯುತ್ತೆ. ಗಂಡಸು ಮುಖಕ್ಕೆ ಬಣ್ಣ ಹಚ್ಚಿಕೊಂಡು ಓಡಾಡ್ತಾನೆ ಅಂತ ಯಾರಾದರೂ ಅಂದರೆ ಅನ್ನಲಿ. ವಾಹನದ ಆ ಕಡೆಯ ಗಾಜಿಗೆ ಯುವಿ ಫಿಲ್ಮ್ ಹಾಕಿಸಿದೆ.

ಆಮೇಲೆ ನಾಲ್ಕನೇ ಪ್ಯಾನಲ್. ಈ ಸಲ ಯಜಮಾನಿಕೆ ಕೆಂಪಿನದು. 633ರ ಕೆಂಪು ಸಾಲುಗಳು ಜಾಸ್ತಿ, 830ರ ಇನ್‌ಫ್ರಾರೆಡ್ ಕೆಲವು, 415 ಎರಡೇ ಸಾಲು, ಅದಕ್ಕೆ ಬೇರೆ ಸ್ವಿಚ್. ಕೆಂಪು ವಾರಕ್ಕೆ ನಾಲ್ಕು ದಿನ, ಚರ್ಮದ ಮೇಲೆ ಸುಮಾರು 55 ಮಿಲಿವಾಟ್, ಹದಿನೇಳು ನಿಮಿಷ, ಅಂದರೆ 55 ಜೂಲ್ ಹತ್ತಿರ. ನೀಲಿ ವಾರಕ್ಕೆ ಎರಡೇ ದಿನ, 30 ಮಿಲಿವಾಟ್, ಎಂಟು ನಿಮಿಷ, 14-15 ಜೂಲ್. ಅದೂ ಇಡೀ ಮುಖಕ್ಕಲ್ಲ. ದಪ್ಪ ಕಪ್ಪು ಬಟ್ಟೆಯ ಮುಸುಕಿನಲ್ಲಿ ಗುಳ್ಳೆ ಇರುವ ಕಡೆ ಮಾತ್ರ ತೂತು. ಹಳೇ ಕಲೆ ಇರುವ ಜಾಗ ಮುಚ್ಚಿಯೇ ಇರುತ್ತೆ. ಮುಸುಕು ಅಲುಗದ ಹಾಗೆ ಹೇಗೆ ಕೂರಿಸುತ್ತೇನೆ, ಬೆಳಕು ಒಂದೇ ಸಮ ಹರಡಲು ಮುಂದೆ ಏನು ಇಟ್ಟಿದ್ದೇನೆ ಅನ್ನುವುದನ್ನು ಮಾತ್ರ ಕೇಳಬೇಡಿ. ಅದಕ್ಕೆ ಆರು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ, ನೀವೂ ಸ್ವಲ್ಪ ಕೆಡಿಸಿಕೊಳ್ಳಿ.

ಮಿಲಿವಾಟ್ ಲೆಕ್ಕದ ಬಗ್ಗೆ ಒಂದು ಮಾತು. ಸೋಲಾರ್ ಮೀಟರ್ ಹಿಡಿದು ಅಳೆಯುವವರು ದಯವಿಟ್ಟು ಬಿಡಿ. ಅದು ಬಿಸಿಲಿನ ಅಗಲ ಹರವಿಗೆ ಹೊಂದಿಸಿದ್ದು, ಒಂದೇ ಬಣ್ಣದ ಕೆಂಪು ತೋರಿಸಿದರೆ ಸುಳ್ಳು ಹೇಳುತ್ತೆ. ನನ್ನದು ನೂರು ಅಂತ ತೋರಿಸಿತು, ಪರಿಚಯದವರ ಲ್ಯಾಬಿನ ಥರ್ಮೋಪೈಲ್ ಮೀಟರಿನಲ್ಲಿ (ಬೆಳಕಿನ ಬಿಸಿಯಿಂದ ಅಳೆಯುವುದು, ಯಾವ ಬಣ್ಣವಾದರೂ ಸರಿ) ಅದೇ ಪ್ಯಾನಲ್, ಅದೇ ದೂರ, 55-60. ನೀವು 100 ಅಂತ ಹೇಳಿ, ನಾನು 55 ಅಂತ ಹೇಳಿ, ಯಾರದು ಜೋರು ಅಂತ ಜಗಳ ಆಡುವುದರಲ್ಲಿ ಅರ್ಥ ಇಲ್ಲ.

ಇನ್ನೊಂದು ಪೆದ್ದುತನ. 830 ಕಣ್ಣಿಗೆ ಕಾಣಲ್ಲ. ಒಂದು ಬೆಸುಗೆ ಬಿಟ್ಟು ಇಡೀ ಸಾಲು ಸತ್ತಿತ್ತು, ಎರಡು ಮೂರು ವಾರ ಗೊತ್ತೇ ಆಗಲಿಲ್ಲ. ಈಗ ತಿಂಗಳಿಗೊಮ್ಮೆ ಫೋನಿನ ಸೆಲ್ಫಿ ಕ್ಯಾಮೆರಾ ಹಿಡಿದು ನೋಡುತ್ತೇನೆ. ನನ್ನ ಫೋನಿನಲ್ಲಿ ಸಣ್ಣಗೆ ಹೊಳೆಯುವುದು ಕಾಣುತ್ತೆ.

ಕೆಲಸ ಮಾಡಿತಾ ಅಂತ ಹೇಗೆ ಗೊತ್ತು? ಅರ್ಧ ಮುಖದ ಆಟ ಆಡಿದೆ. ಹನ್ನೆರಡು ವಾರ ಕಿಟಕಿ ಕಡೆಯ ಕೆನ್ನೆಗೆ ಮಾತ್ರ ಬೆಳಕು. ಕ್ರೀಮು, ಸನ್‌ಸ್ಕ್ರೀನು ಎರಡೂ ಕಡೆ ಒಂದೇ. ಭಾನುವಾರ ಒಂದೇ ಕುರ್ಚಿ, ಒಂದೇ ಬಲ್ಬು, ಪಕ್ಕದಿಂದ ಬೆಳಕು ಬೀಳಿಸಿ ಫೋಟೋ. ಎಣಿಸಿದ್ದು ತಂಗಿ, ಯಾವ ವಾರದ್ದು ಅಂತ ಹೇಳದೆ ಕೊಡುತ್ತಿದ್ದೆ. ಬೆಳಕು ಬಿದ್ದ ಕಡೆ ಇಪ್ಪತ್ತರ ಸುಮಾರಿದ್ದದ್ದು ಆರೇಳಕ್ಕೆ ಬಂತು. ಇನ್ನೊಂದು ಕಡೆ ಹದಿನೆಂಟು ಇದ್ದದ್ದು ಹದಿನಾಲ್ಕು. ಆಮೇಲೆ ಆ ಕಡೆಗೂ ಶುರು ಮಾಡಿದೆ, ಅದೂ ಇಳಿಯಿತು. 2000ನೇ ಇಸವಿಯಲ್ಲಿ ಬಂದ ಒಂದು ಅಧ್ಯಯನದಲ್ಲಿ ನೀಲಿ ಕೆಂಪು ಎರಡೂ ಸೇರಿಸಿ 12 ವಾರಕ್ಕೆ ಕೆಂಪಾಗಿ ಊದಿದ ಗುಳ್ಳೆಗಳು ಸರಾಸರಿ 76% ಕಡಿಮೆ ಆಗಿದ್ದವು. ನಾನು ಹೊಲಿದುಕೊಂಡ ಮುಸುಕಿನ ಪ್ಯಾನಲ್ ಅದರ ಹತ್ತಿರ ಹತ್ತಿರ ಬಂದಿದೆ ಅಂದರೆ ಸ್ವಲ್ಪ ಮೀಸೆ ತಿರುವಿಕೊಳ್ಳಬಹುದಲ್ವಾ.

ಬ್ಲ್ಯಾಕ್‌ಹೆಡ್ ಒಂದೂ ಅಲುಗಲಿಲ್ಲ. ಆಳದ ಗಂಟಿನಂಥ ಮೊಡವೆಗೂ ಹೆಚ್ಚೇನೂ ಆಗಲಿಲ್ಲ. ಬಿಸಿಲಿನ ಕೆನ್ನೆ ಇನ್ನೂ ನಿಧಾನ. ಒರಟುತನ ಕಡಿಮೆ ಆಯಿತು ಅಂತ ಬೆರಳಿಗೆ ಗೊತ್ತಾಗಿದ್ದು ನಾಲ್ಕನೇ ತಿಂಗಳು, ಸಣ್ಣ ಗೆರೆಗಳು ಫೋಟೋದಲ್ಲಿ ಕಾಣುವಷ್ಟು ತಿಳಿಯಾಗಿದ್ದು ಏಳೆಂಟು ತಿಂಗಳಿಗೆ. ಮಚ್ಚೆ ತಿಳಿಯಾದದ್ದರಲ್ಲಿ ಪ್ಯಾನಲ್ಲಿನ ಪಾಲೆಷ್ಟು, ಗಾಜಿನ ಫಿಲ್ಮು ಮತ್ತು ಸನ್‌ಸ್ಕ್ರೀನಿನ ಪಾಲೆಷ್ಟು ಅಂತ ಕೇಳಿದರೆ, ಬಹುಪಾಲು ಆ ಎರಡಕ್ಕೇ ಕೊಡುತ್ತೇನೆ. ಪ್ಯಾನಲ್ ಮಾರುವವರಿಗೆ ಈ ಮಾತು ಇಷ್ಟ ಆಗಲ್ಲ, ನಾನು ಮಾರುತ್ತಿಲ್ಲ.

ಸುಮ್ನೆ ಕೂರಲಾಗದೆ 365ರ ಯುವಿ ಟಾರ್ಚ್ ತಂದೆ. ಕಣ್ಣು ಮುಚ್ಚಿಕೊಂಡು ಕತ್ತಲಲ್ಲಿ ಮೂಗಿನ ಮೇಲೆ ಒಂದೆರಡು ಸೆಕೆಂಡ್ ಬಿಟ್ಟು ಫೋಟೋ ತೆಗೆದರೆ, ಕಿತ್ತಳೆ ಕೆಂಪು ಚುಕ್ಕಿಗಳು ರಂಗೋಲಿ ಥರ. ಅದೇ ಪಾರ್ಫಿರಿನ್. ನೀಲಿ ಹಾಕಿದ ವಾರಗಳಲ್ಲಿ ಚುಕ್ಕಿ ಕಡಿಮೆ, ನಿಲ್ಲಿಸಿ ಹದಿನೈದು ದಿನಕ್ಕೆ ಮತ್ತೆ ತುಂಬುತ್ತೆ. ಆದರೆ ಚುಕ್ಕಿ ಜಾಸ್ತಿ ಇರುವ ಮೂಗಲ್ಲಿ ನನಗೆ ಗುಳ್ಳೆಯೇ ಇಲ್ಲ, ಗುಳ್ಳೆ ಇರುವ ದವಡೆಯಲ್ಲಿ ಚುಕ್ಕಿ ಕಡಿಮೆ! ಹಾಗಾಗಿ ಅದನ್ನು ನೋಡಿ ಡೋಸ್ ಹೊಂದಿಸುವ ಆಸೆ ಬಿಟ್ಟೆ. ಬೆಳಕು ಅಂದರೆ ಬರೀ ಮೋಡಿ ಅನ್ನುವವರಿಗೆ ಡೆನ್ಮಾರ್ಕಿನ ಡಾಕ್ಟರು ಫಿನ್ಸೆನ್ ಹೆಸರು ಹೇಳುತ್ತೇನೆ. ಚರ್ಮದ ಕ್ಷಯವನ್ನು ಬೆಳಕಿನಿಂದ ವಾಸಿ ಮಾಡಿದ್ದಕ್ಕೆ 1903ರಲ್ಲಿ ನೊಬೆಲ್ ಬಂದಿದೆ ಆ ಮನುಷ್ಯನಿಗೆ.

ಮಾಡದೇ ಇದ್ದ ಪ್ರಯೋಗವೂ ಒಂದಿದೆ. ಚರ್ಮವನ್ನು ಬೆಳಕಿಗೆ ಸೂಕ್ಷ್ಮ ಮಾಡುವ ಎಎಲ್‌ಎ ದ್ರಾವಣ ತರಿಸಿ, ಅದನ್ನು ಹಚ್ಚಿ ಬೆಳಕು ಬಿಡುವ ಫೋಟೋಡೈನಮಿಕ್ ಚಿಕಿತ್ಸೆ ಮನೆಯಲ್ಲೇ ಮಾಡೋಣ ಅಂತ ಒಬ್ಬರು ಹುರಿದುಂಬಿಸಿದರು. ತಿಳಿ ಚರ್ಮದ ಸಹೋದ್ಯೋಗಿಯೊಬ್ಬರಿಗೆ ಹಣೆ ಮೇಲೆ ಬಿಸಿಲಿನಿಂದ ಬಂದ ಚಕ್ಕೆ ಏಳುವ ಒರಟು ಗಂಟುಗಳು, ಆಕ್ಟಿನಿಕ್ ಕೆರಟೋಸಿಸ್, ಬಿಟ್ಟರೆ ಕ್ಯಾನ್ಸರ್ ಕಡೆ ತಿರುಗಬಹುದಾದವು. ಅವರಿಗೆ ಡಾಕ್ಟರು ಅದೇ ಹಚ್ಚಿ ನೀಲಿ ದೀಪದ ಕೆಳಗೆ 16 ನಿಮಿಷ 40 ಸೆಕೆಂಡ್ ಕೂರಿಸಿದರು. ಬರೀ 10 ಜೂಲ್. ನನ್ನ ಒಂದು ದಿನದ ನೀಲಿಗಿಂತ ಕಡಿಮೆ! ಆ ದ್ರಾವಣ ಇದ್ದಾಗ ಅಷ್ಟಕ್ಕೇ ಅವರು ಮೆಣಸಿನಪುಡಿ ಉಜ್ಜಿದ ಹಾಗಾಯಿತು ಅಂದರು, ಎರಡು ದಿನ ಪರದೆ ಎಳೆದುಕೊಂಡು ಒಳಗೇ ಇದ್ದರು. ಗಂಟುಗಳು ಹೋದವು. ಅದನ್ನು ನಾನು ಅಡುಗೆಮನೆ ಸ್ಟೂಲಿನ ಮೇಲೆ ಕೂತು ಮಾಡಲ್ಲ. ಹಾಗೇ, ವಾಸಿಯಾಗದ ಗಾಯ, ಆಕಾರ ಬದಲಾಯಿಸುವ ಮಚ್ಚೆ ಇದ್ದರೆ ಪ್ಯಾನಲ್ ಮುಂದೆ ಕೂರುವ ಮೊದಲು ಡಾಕ್ಟರಿಗೆ ತೋರಿಸಿ.

ನಡುವೆ ಆರು ವಾರ ಊರಲ್ಲಿರಲಿಲ್ಲ, ಪ್ಯಾನಲ್ ಒಯ್ಯಲಾಗಲಿಲ್ಲ. ನಾಲ್ಕನೇ ವಾರಕ್ಕೆ ದವಡೆಯಲ್ಲಿ ಗುಳ್ಳೆ ಹಾಜರು. ಅಂದರೆ ಇದು ಬಿಡುವ ಹಾಗಿಲ್ಲ. ಈಗ ವಾರಕ್ಕೆ ಎರಡು ದಿನ ಕೆಂಪು, ಹತ್ತು ದಿನಕ್ಕೊಮ್ಮೆ ನೀಲಿ, ಅಷ್ಟರಲ್ಲೇ ನಿಂತಿದೆ.

ಮೂಳೆ ಡಾಕ್ಟರಿಗೆ ಪ್ಯಾನಲ್ ಕೊಟ್ಟೆ. ಅವನದೂ ನನ್ನದೇ ಬಣ್ಣ, ತಾಳ್ಮೆ ಮಾತ್ರ ನನ್ನ ಕಾಲು ಭಾಗ. ಹದಿನೇಳು ನಿಮಿಷ ಅಂದರೆ ನಲವತ್ತು ಕೂರುವ ಆಸಾಮಿ. ಅದಕ್ಕೇ ನೀಲಿ ಸಾಲಿನ ಕನೆಕ್ಟರ್ ಬಿಚ್ಚಿ ನನ್ನ ಡ್ರಾಯರಿನಲ್ಲಿ ಇಟ್ಟುಕೊಂಡೇ ಕೊಟ್ಟೆ. ನೀಲಿ ಸ್ವಿಚ್ ಕೆಟ್ಟಿದೆ ಅಂತ ನಿನ್ನೆ ಫೋನ್ ಮಾಡಿದ್ದ.