ಹೂ ಕಟ್ಟುವವರ ಉಗುರುಸುತ್ತಿಗೆ ನಾನು ಕಂಡುಕೊಂಡ ದಾರಿ

ಹೂ ಕಟ್ಟುವವರ ಹಳೆಯ ಉಗುರುಸುತ್ತು ವಾಸಿಯಾಗುತ್ತದೆ, ಅದೂ ಅವರು ಕೆಲಸ ಬಿಡದೆಯೇ. ಈ ಮಾತು ಹೇಳಿದಾಗ ಹಿರಿಯ ಚರ್ಮವೈದ್ಯರೊಬ್ಬರು, "ಫಂಗಸ್ ಇರುವ ಕಡೆ ಸ್ಟೀರಾಯ್ಡ್ ಹಚ್ಚಿ, ಮೇಲೆ ಅಂಟು ಹಾಕಿ ಮುಚ್ಚುತ್ತೀರಾ?" ಎಂದು ಹುಬ್ಬೇರಿಸಿದ್ದರು. ಈಗ ಅವರೇ ಗಾಂಧಿಬಜಾರಿನ ನನ್ನ ಕ್ಲಿನಿಕ್‌ಗೆ ರೋಗಿಗಳನ್ನು ಕಳುಹಿಸುತ್ತಿದ್ದಾರೆ.

ಕೀವು ತುಂಬಿದ ಹೊಸ ಉಗುರುಸುತ್ತಿನ ಮಾತಲ್ಲ ಇದು; ಅದನ್ನು ಸೀಳಿ ಕೀವು ತೆಗೆಯುವುದು ನಿಮಗೆಲ್ಲ ಗೊತ್ತು. ನಾನು ಹೇಳುತ್ತಿರುವುದು ಆರು ವಾರ ದಾಟಿದ್ದು: ಬುಡದ ಚರ್ಮ ಊದಿ, ಅದರ ಅಂಚಿನ ತೆಳು ಪೊರೆ ಸವೆದುಹೋಗಿ, ಉಗುರಿನ ಮೇಲೆ ಅಡ್ಡಗೆರೆ ಬಿದ್ದಿರುವಂಥದ್ದು. ಮಲ್ಲಿಗೆ ಕಟ್ಟುವ ಕೈಯನ್ನು ಹತ್ತಿರದಿಂದ ನೋಡಿ. ಬಾಳೆನಾರು ಒಣಗಿದರೆ ತುಂಡಾಗುತ್ತದೆ, ಹಾಗಾಗಿ ಅದನ್ನು ಇಡೀ ದಿನ ನೆನೆಸಿಯೇ ಇಟ್ಟಿರುತ್ತಾರೆ. ಪ್ರತಿ ಗಂಟಿಗೂ ಆ ಒದ್ದೆ ನಾರು ಉಗುರಿನ ಬುಡವನ್ನು ಉಜ್ಜಿಕೊಂಡು ಹೋಗುತ್ತದೆ. ಪೊರೆ ಹರಿದ ಸಂದಿಯಲ್ಲಿ ನೀರು ನಿಲ್ಲುತ್ತದೆ. ಕ್ಯಾಂಡಿಡಾ ಎಂಬ ಫಂಗಸ್ ಆಮೇಲೆ ಬಂದು ಸೇರುವ ನೆಂಟ. ಮೂಲದಲ್ಲಿ ಇರುವುದು ಚರ್ಮದ ಉರಿಯೂತ.

ಆದರೂ ಇವರು ತಿಂಗಳುಗಟ್ಟಲೆ ಫಂಗಸ್ ಮಾತ್ರೆ ನುಂಗಿ, ಮೂರು ನಾಲ್ಕು ಸಾವಿರ ರೂಪಾಯಿ ಕಳೆದುಕೊಂಡು ಬರುತ್ತಾರೆ. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡೇ ಬಂದವರೂ ಇದ್ದಾರೆ. ಆ ಹುಳಿ ಸಂದಿಯನ್ನು ಇನ್ನಷ್ಟು ಕೆರಳಿಸುತ್ತದೆ.

ದರ್ಶಿನಿಯಲ್ಲಿ ಪಾತ್ರೆ ತೊಳೆಯುವವರದು ಸುಲಭ: ಒಳಗೆ ಹತ್ತಿಯ ಕೈಗವಸು, ಮೇಲೆ ರಬ್ಬರಿನದು, ರಾತ್ರಿ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಆದ ಮೊಮೆಟಾಸೋನ್ ಮುಲಾಮು. ಹೂವಿನವರಿಗೆ ಕೈಗವಸು ನಡೆಯುವುದಿಲ್ಲ. "ಗಂಟು ಬೆರಳಿಗೆ ಗೊತ್ತಾಗಬೇಕು ಡಾಕ್ಟರೇ" ಎಂದು ಒಬ್ಬ ಅಕ್ಕ ಅದನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದರು. ವ್ಯಾಸಲೀನ್ ಬಳಿದರೆ ನಾರು ಜಾರುತ್ತದೆ, ಹೂವಿಗೂ ಜಿಡ್ಡು. ಬೆರಳಿಗಷ್ಟೇ ಹಾಕುವ ರಬ್ಬರ್ ಟೊಪ್ಪಿಗೆ ಒಂದು ಮಾರು ಕಟ್ಟುವಷ್ಟರಲ್ಲಿ ಕಳಚಿ ಬಿತ್ತು.

ಕೊನೆಗೆ ಕೈಹಿಡಿದದ್ದು ಗಾಯ ಕೂಡಿಸಲು ಬಳಸುವ ಸಯನೊಆಕ್ರಿಲೇಟ್ ಅಂಟು. ಮೊದಲು ಮೂರು ವಾರ ಮುಲಾಮು. ಊತ ಇಳಿದು, ಒತ್ತಿದರೂ ಏನೂ ಒಸರದಿದ್ದರೆ ಮಾತ್ರ ಸಂದಿಯನ್ನು ಚೆನ್ನಾಗಿ ಒಣಗಿಸಿ ಅದರ ಬಾಯಿಗೆ ತೆಳುವಾಗಿ ಅಂಟು. ಹನಿ ಒಳಗಿಳಿಯದಂತೆ ಹಚ್ಚುವ ಕೈಚಳಕವೊಂದಿದೆ; ಅದನ್ನು ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ. ಬೇರೆ ಕಡೆ ವಾರ ನಿಲ್ಲುವ ಅಂಟು ಬಾಳೆನಾರಿನ ಮುಂದೆ ನಾಲ್ಕೈದು ದಿನ ನಿಂತರೆ ಹೆಚ್ಚು. ಚಿಕ್ಕ ಆಂಪೂಲಿಗೇ ಸುಮಾರು ಮುನ್ನೂರು ರೂಪಾಯಿ, ಒಬ್ಬರಿಗೆ ತೆರೆದದ್ದನ್ನು ಇನ್ನೊಬ್ಬರಿಗೆ ಬಳಸುವಂತಿಲ್ಲ. ಮೊಳದ ಲೆಕ್ಕದಲ್ಲಿ ದುಡಿಯುವವರಿಂದ ವಾರವಾರವೂ ಅಷ್ಟು ಹಣ ಕೇಳಲಾಗದು. ಹಾಗಾಗಿ ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರಾದಂಥ ಹೂವಿನ ಭರಾಟೆಯ ವಾರಗಳಿಗಷ್ಟೇ ಅಂಟು. ಉಳಿದಂತೆ ಕೆಲಸ ಮುಗಿದ ಕೂಡಲೇ ಕೈ ಒರೆಸಿಕೊಂಡು ಮುಲಾಮು. ಹತ್ತರಲ್ಲಿ ಏಳೆಂಟು ಮಂದಿಗೆ ಪೊರೆ ಮರಳಿ ಬೆಳೆದಿದೆ. ಕೈಬೆರಳಿನ ಉಗುರು ಬೆಳೆಯುವುದೇ ತಿಂಗಳಿಗೆ ಮೂರು ಮಿಲಿಮೀಟರ್, ಅಡ್ಡಗೆರೆ ಅಳಿಯಲು ಆರು ತಿಂಗಳಾದರೂ ಬೇಕು ಎಂದು ಮೊದಲೇ ಹೇಳಿಬಿಡುತ್ತೇನೆ.

ನಡುವೆ, ಉಗುರು ಹಸಿರುಗಟ್ಟಿದ ಕೆಲವರಿಗೆ ವಿನೆಗರ್‌ಗೆ ನೀರು ಬೆರೆಸಿ ಬೆರಳು ಅದ್ದಿಸಿ ನೋಡಿದೆ. ಉಗುರನ್ನು ಹಸಿರುಗಟ್ಟಿಸುವ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾಕ್ಕೆ ಆಮ್ಲ ಆಗಿಬರುವುದಿಲ್ಲ. ಎದ್ದು ನಿಂತ ಉಗುರಿನ ಭಾಗವನ್ನು ಮೊದಲು ಕತ್ತರಿಸಿ ತೆಗೆದವರಲ್ಲಿ ಗುಣ ಬೇಗ ಕಂಡಿತು.

ಎಲ್ಲರಿಗೂ ಸಕ್ಕರೆ ಪರೀಕ್ಷೆ ಮಾಡಿಸಿ. ಒಂದೇ ಬೆರಳಿನದಾಗಿದ್ದು, ಮೂರು ತಿಂಗಳಾದರೂ ಬಗ್ಗದಿದ್ದರೆ ಅಂಟಿನ ಗೋಜಿಗೆ ಹೋಗದೆ ಬಯಾಪ್ಸಿ ಮಾಡಿಸಿ; ಉಗುರಿನ ಸುತ್ತ ಹುಟ್ಟುವ ಕ್ಯಾನ್ಸರ್ ಕೂಡ ನೋಡಲು ಹೀಗೆಯೇ ಇರಬಹುದು.