ಮುತ್ಯಾನ ರೈಫಲ್‌ಗೆ ಬೆಲೆ ಕಟ್ಟಿದ್ದು

ಭಾಲ್ಕಿ ಹತ್ತಿರದ ನಮ್ಮ ಮನೆಯಲ್ಲಿ ಮುತ್ಯಾನ ರೈಫಲ್ ಇದೆ. ಪ್ರತಿ ವರ್ಷ ಖಂಡೆ ಪೂಜೆಗೆ ಕೊಡಲಿ, ಕುಡುಗೋಲಿನ ಜೊತೆ ಅದಕ್ಕೂ ಅರಿಶಿನ ಕುಂಕುಮ ಬೀಳುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಲೈಸನ್ಸ್ ನನ್ನ ಹೆಸರಿಗಾಯಿತು. ಈಗ ಮನೆ ಪಾಲಾಗುವಾಗ ಅದಕ್ಕೂ ಬೆಲೆ ಕಟ್ಟಬೇಕಾಯಿತು. "ನೂರೈವತ್ತು ವರ್ಷದ್ದದ, ಲಕ್ಷಗಟ್ಟಲೆ ಬರ್ತದ" ಅಂದರು ಕಾಕಾ.

ಮೊದಲು ಕೆಳಗಿನ ಲಿವರ್ ಎಳೆದು ಒಳಗೆ ಗುಂಡಿಲ್ಲ ಅಂತ ಎರಡು ಸಲ ನೋಡಿದೆ. ಆಮೇಲೆ ಮೆತ್ತನೆ ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಒರೆಸಿದೆ. ಒಣಗಿದ ಕುಂಕುಮ ಬಿಟ್ಟ ಹಾಗೆ ಒಂದು ಗುರುತು ಮೇಲೆದ್ದಿತು. ಜೋಳದ ಕಣಿಕೆ ಒಂದಕ್ಕೊಂದು ಆನಿಸಿ ನಿಲ್ಲಿಸಿದ ಹಾಗೆ ಮೂರು ರೈಫಲ್. ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಂದೂಕು ಮಾಡುತ್ತಿದ್ದ ಬಿಎಸ್‌ಎ ಕಂಪನಿಯ ಗುರುತು. ನಳಿಗೆಯ ಮೇಲೆ ಕಿರೀಟ, ಅದರ ಕೆಳಗೆ ಬಿಪಿ, ಬಿವಿ, ಎನ್‌ಪಿ ಅಕ್ಷರಗಳು. ನಳಿಗೆಯನ್ನು ಪರೀಕ್ಷೆ ಮಾಡಿ ಹೊಡೆಯುವ ಈ ಮುದ್ರೆಗಳು ಬರ್ಮಿಂಗ್‌ಹ್ಯಾಮ್‌ನಲ್ಲಿ ಬಳಕೆಗೆ ಬಂದದ್ದೇ 1904ರಲ್ಲಿ. ಅಂದಮೇಲೆ ಕಾಕಾ ಹೇಳಿದ ವಯಸ್ಸು ಸಾಧ್ಯವೇ ಇಲ್ಲ.

ಟ್ರಂಕಿನಲ್ಲಿ ನಿಜಾಮರ ಕಾಲದ ಉರ್ದು ಲೈಸನ್ಸೂ ಸಿಕ್ಕಿತು. ಅದರಲ್ಲಿ 1352 ಅಂತಿದೆ. ತಮ್ಮ ಅದನ್ನು ಹಿಜರಿ ಅಂದುಕೊಂಡಿದ್ದ. ಉರ್ದು ಬಲ್ಲ ಪಕ್ಕದ ಮನೆಯ ಚಾಚಾ ಓದಿ, ಅದು ಫಸಲಿ, ಅಂದರೆ ನಿಜಾಮರ ಸರ್ಕಾರದ ಕಂದಾಯದ ವರ್ಷ ಅಂತ ತೋರಿಸಿದರು. 590 ಕೂಡಿಸಿದರೆ 1942ರ ಸುಮಾರು. ಅದರಲ್ಲಿದ್ದ ನಂಬರೂ ರೈಫಲ್ ಮೇಲಿನ ನಂಬರೂ ಒಂದೇ. ಇಂಥ ಕಾಗದವನ್ನು ಯಾರೂ ಎಸೆಯಬೇಡಿ.

ಬೆಲೆಯ ವಿಷಯದಲ್ಲಿ ನನಗೆ ಜಾಸ್ತಿ ಸಂಕಟ ಆದದ್ದು ಗುಂಡು ಕೂರುವ ಬಾಯಿ ನೋಡಿದಾಗ. ನಮ್ಮದು ಪಾಯಿಂಟ್ 22 ಅಳತೆಯ ರೈಫಲ್. ಅದರ ತೋಟಾದ ಹಿಂಬದಿಯ ನಡುವೆ ಹೊತ್ತಿಸುವ ಟೋಪಿ (ಕ್ಯಾಪ್) ಇರುವುದಿಲ್ಲ, ಹೊತ್ತಿಕೊಳ್ಳುವ ಮದ್ದು ಅಂಚಿನೊಳಗೇ ಇರುತ್ತದೆ. ಹಾಗಾಗಿ ಪಿನ್ ಹೊಡೆಯುವುದೂ ಅಂಚಿಗೇ. ತೋಟಾ ಇಲ್ಲದೆ ಟ್ರಿಗರ್ ಎಳೆದರೆ ಆ ಪೆಟ್ಟು ನೇರ ಉಕ್ಕಿಗೆ ಬೀಳುತ್ತದೆ. ಹಬ್ಬಕ್ಕೆ ಬಂದ ಹುಡುಗರೆಲ್ಲ ಸುಮ್ನೆ ಟಕ್ ಟಕ್ ಅನ್ನಿಸುತ್ತಿದ್ದೆವು, ನಾನೂ ಅವರಲ್ಲಿ ಒಬ್ಬ. ಅಲ್ಲಿ ಈಗ ಅಕ್ಕಿ ಕಾಳಿನ ತುದಿಯಷ್ಟು ಗುಳಿ ಬಿದ್ದಿದೆ. ಬೆಲೆ ಇಳಿಯಲು ಅಷ್ಟು ಸಾಕು.

ಕಲಬುರಗಿಯ ಒಂದು ಅಂಗಡಿಯವರು ನಳಿಗೆ ಕಪ್ಪಾಗಿದೆ ಅಂತ ಇಪ್ಪತ್ತು ಸಾವಿರ ಹೇಳಿದರು. ಮನೆಗೆ ಬಂದು ನಳಿಗೆಯ ಒಳಗನ್ನಷ್ಟೇ ನಿಧಾನವಾಗಿ ಸ್ವಚ್ಛ ಮಾಡಿದೆ. ಒಳಗಿದ್ದದ್ದು ತುಕ್ಕಲ್ಲ, ಒಣಗಿ ಅಂಟಾದ ಎಣ್ಣೆ. ಬಿಳಿ ಕಾಗದ ಇಟ್ಟು ನೋಡಿದರೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು ಚೂಪಾಗಿ ಹೊಳೆದವು. ಎರಡನೇ ಅಂಗಡಿಯವರು ನಲವತ್ತೈದು ಸಾವಿರ ಅಂದರು. ಹೊರಗಿನ ಹಳೆ ಬಣ್ಣ, ಮರದ ಹಿಡಿಯ ಕಲೆ ಮುಟ್ಟದೇ ಬಿಟ್ಟದ್ದು ಒಳ್ಳೆಯದಾಯಿತು ಅಂತಲೂ ಹೇಳಿದರು. ಪಾಲಿಶ್ ಹೊಡೆಸಿದ್ದರೆ ಮುದ್ರೆಗಳೇ ಸವೆದು ಹೋಗುತ್ತಿದ್ದವು ಅಲ್ವಾ.

ಹಳೆಯದು ಅಂದ ಮಾತ್ರಕ್ಕೆ ಲೈಸನ್ಸ್ ಬೇಡ ಅನ್ನುವ ಮಾತು ನಂಬಬೇಡಿ. ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಹಳೆ ಆಯುಧಕ್ಕೆ ಮಾತ್ರ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ವಿನಾಯಿತಿ ಇದೆ. ಇದು ಇವತ್ತಿಗೂ ಹಾರುತ್ತದೆ. ಮಾರುವುದಾದರೆ 45 ದಿನ ಮೊದಲೇ ಡಿಸಿ ಅವರಿಗೋ ಹತ್ತಿರದ ಪೊಲೀಸ್ ಠಾಣೆಗೋ ಬರೆದು ತಿಳಿಸಬೇಕು, ಕೊಳ್ಳುವವರ ಹತ್ತಿರವೂ ಲೈಸನ್ಸ್ ಇರಬೇಕು. ಕಾಕಾನನ್ನು ಕೂರಿಸಿಕೊಂಡು ಆ ಅರ್ಜಿ ಬರೆದೆ. ನಂಬರನ್ನು ಅವರೇ ಒಂದೊಂದಾಗಿ ಓದಿ ಹೇಳಿದರು.