ಒಂದು ಫ್ಯಾನ್ ಆಫ್ ಮಾಡಿದರೆ ಪಕ್ಕದ ಫ್ಯಾನ್ ಯಾಕೆ ನಿಲ್ಲುತ್ತಿತ್ತು

ಕಲಬುರಗಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ನಾನು ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದ ದಿನಗಳವು. 6.6 ಕೆವಿ (6,600 ವೋಲ್ಟ್) ಸ್ವಿಚ್‌ಗೇರ್ ರೂಮಿನ ಹಳೆಯ ಮಿನಿಮಮ್ ಆಯಿಲ್ ಬ್ರೇಕರ್‌ಗಳನ್ನು, ಅಂದರೆ ಎಣ್ಣೆಯೊಳಗೆ ಕಿಡಿ ಆರಿಸಿ ಕರೆಂಟ್ ಕಡಿಯುವ ದೊಡ್ಡ ಸ್ವಿಚ್‌ಗಳನ್ನು, ತೆಗೆದು ಅದೇ ಪ್ಯಾನೆಲ್‌ಗಳಿಗೆ ವ್ಯಾಕ್ಯೂಮ್ ಬ್ರೇಕರ್ ಟ್ರಾಲಿ ಕೂರಿಸಿದೆವು. ಅದೇ ಶಟ್‌ಡೌನ್‌ನಲ್ಲಿ, ತೊಂದರೆ ಕಂಡರೆ ಬ್ರೇಕರ್‌ಗೆ ತೆರೆಯಲು ಹೇಳುವ, ತಟ್ಟೆ ತಿರುಗುವ ಹಳೆಯ ರಿಲೇಗಳ ಜಾಗಕ್ಕೆ ನ್ಯೂಮರಿಕಲ್ (ಕಂಪ್ಯೂಟರಿನಂತೆ ಲೆಕ್ಕ ಹಾಕುವ) ರಿಲೇಗಳೂ ಬಂದವು. ಎರಡನ್ನೂ ಒಟ್ಟಿಗೆ ಬದಲಾಯಿಸಿದ್ದೇ ಎಡವಟ್ಟಾಯಿತು. ತೊಂದರೆ ಶುರುವಾದ ಮೇಲೆ ಯಾವುದನ್ನು ಬೈಯಬೇಕೆಂದೇ ತಿಳಿಯಲಿಲ್ಲ.

ತೊಂದರೆ ಇಷ್ಟೇ. ಕಲ್ಲಿದ್ದಲು ಮಿಲ್ಲಿನ ಫ್ಯಾನ್ ಮೋಟರ್ 400 ಕಿಲೋವ್ಯಾಟ್‌ನದ್ದು. ಅದನ್ನು ಟ್ರಿಪ್ ಮಾಡಿದಾಗ, ಅಂದರೆ ಬ್ರೇಕರ್ ತೆರೆದು ನಿಲ್ಲಿಸಿದಾಗ, ಒಮ್ಮೊಮ್ಮೆ ಪಕ್ಕದ ಪ್ಯಾನೆಲ್‌ನ ರಿಲೇ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿತ್ತು. ಇನ್ನು ಕೆಲವು ಸಲ ಬ್ಯಾಗ್ ಹೌಸ್ (ಧೂಳು ಸೋಸುವ ಘಟಕ) ಫ್ಯಾನಿನ ಬೇರಿಂಗ್ ಟೆಂಪರೇಚರ್ ಕಣ್ಣು ಮಿಟುಕಿಸುವಷ್ಟರಲ್ಲಿ 60 ಡಿಗ್ರಿಯಿಂದ 200 ದಾಟಿ ಆ ಫ್ಯಾನೂ ಟ್ರಿಪ್. ಅದು ನಿಂತರೆ ಕಿಲ್ನ್, ಅಂದರೆ ಸಿಮೆಂಟಿನ ಕಚ್ಚಾ ಮಾಲು ಸುಡುವ ಕುಲುಮೆ, ನಿಂತಂತೆ. ಕಿಲ್ನ್ ನಿಂತರೆ ಫೋನ್ ಯಾರ್‍ಯಾರಿಂದ ಬರುತ್ತದೆ ಎಂದು ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರಿಗೆ ಹೇಳಬೇಕಿಲ್ಲ.

ರಿಲೇ ಬದಲಾಯಿಸಿದೆವು. ಬ್ಯಾಟರಿ ಚಾರ್ಜರ್ ನೋಡಿದೆವು. ರಿಲೇ, ಬ್ರೇಕರ್‌ಗಳನ್ನು ನಡೆಸುವ 110 ವೋಲ್ಟ್ ಡಿಸಿಯಲ್ಲಿ ಅರ್ಥ್ ಲೀಕೇಜ್ ಹುಡುಕಿದೆವು. ರಿಲೇ ಕಂಪನಿಯ ಎಂಜಿನಿಯರ್ ಬಂದು, 1 ಮೆಗಾಹರ್ಟ್ಸ್ ಬರ್ಸ್ಟ್ ಟೆಸ್ಟ್‌ನಲ್ಲಿ (ವೇಗದ ವೋಲ್ಟೇಜ್ ಮಿಡಿತ ಕೊಟ್ಟು ರಿಲೇ ಕೆಡುತ್ತದೆಯೇ ಎಂದು ನೋಡುವ ಪರೀಕ್ಷೆ) 2.5 ಕೆವಿ ತಡೆದುಕೊಂಡ ಸರ್ಟಿಫಿಕೇಟ್ ತೋರಿಸಿ ಹೋದರು. ಅವರ ಮೇಲೆ ಆಗ ಸಿಟ್ಟು ಬಂದಿತ್ತು. ಅವರು ಹೇಳಿದ್ದು ನಿಜವೇ ಆಗಿತ್ತು, ಆ ಟೆಸ್ಟ್‌ನಲ್ಲಿ ನಮ್ಮ ಕೇಬಲ್ ಟ್ರೇ ಇರಲಿಲ್ಲ ಅಷ್ಟೇ.

ದಾರಿ ತೋರಿಸಿದ್ದು ನಮ್ಮ ಹಿರಿಯ ಫಿಟ್ಟರ್. “ಸಾಹೇಬ್ರೆ, ಫ್ಯಾನ್ ಚಂದಂಗ ಓಡೂ ಮುಂದ ಬಂದ್ ಮಾಡಿದ್ರ ಏನೂ ಆಗಂಗಿಲ್ಲರಿ. ಚಾಲೂ ಮಾಡಿ ತಕ್ಷಣ ಬಂದ್ ಮಾಡಿದ್ರಷ್ಟೇ ಈ ಪೀಡಾ ಅದ ನೋಡ್ರಿ.” ಲಾಗ್ ಬುಕ್ ತೆಗೆದು ನೋಡಿದರೆ ಅಕ್ಷರಶಃ ಹಾಗೇ ಇತ್ತು. ಅಲೈನ್‌ಮೆಂಟ್ ನೋಡಲು ಎರಡು ಸೆಕೆಂಡ್ ಓಡಿಸಿ ನಿಲ್ಲಿಸಿದ್ದು, ಸ್ಟಾರ್ಟಿಂಗ್‌ನಲ್ಲೇ ಓವರ್‌ಲೋಡ್ ಟ್ರಿಪ್ ಆದದ್ದು, ಇಂಥ ದಿನಗಳಲ್ಲೇ ಗಲಾಟೆ.

ವ್ಯಾಕ್ಯೂಮ್ ಇಂಟರಪ್ಟರ್ ಅಂದರೆ ನಾವು ‘ಬಾಟಲ್’ ಅನ್ನುವ ಸೆರಾಮಿಕ್ ಕೊಳವೆ. ಒಳಗೆ ತಾಮ್ರ-ಕ್ರೋಮಿಯಂನ ಎರಡು ಕಾಂಟ್ಯಾಕ್ಟ್, ಪೂರ್ತಿ ತೆರೆದಾಗಲೂ ನಡುವೆ ಕೆಲವೇ ಮಿಲಿಮೀಟರ್ ಗ್ಯಾಪ್. ಎಸಿ ಕರೆಂಟ್ ದಿಕ್ಕು ಬದಲಿಸುವಾಗೆಲ್ಲ ಸೊನ್ನೆ ದಾಟುತ್ತದೆ, ಬ್ರೇಕರ್ ಅದನ್ನು ಕತ್ತರಿಸುವುದು ಅಲ್ಲೇ. ಕರೆಂಟ್ ಸೊನ್ನೆಗೆ ಬರುವ ಹೊತ್ತಿಗೆ ಸರಿಯಾಗಿ ಕಾಂಟ್ಯಾಕ್ಟ್ ಆಗಷ್ಟೇ ಬಿಟ್ಟುಕೊಂಡಿದ್ದರೆ ಗ್ಯಾಪ್ ಕೂದಲೆಳೆಯಷ್ಟಿರುತ್ತದೆ. ಬಾಟಲ್ ಕರೆಂಟನ್ನು ಕತ್ತರಿಸಿಬಿಡುತ್ತದೆ, ಆದರೆ ಮೇಲೇರುವ ವೋಲ್ಟೇಜನ್ನು ಅಷ್ಟು ಸಣ್ಣ ಗ್ಯಾಪ್ ತಾಳುವುದಿಲ್ಲ. ಮತ್ತೆ ಕಿಡಿ ಹೊತ್ತುತ್ತದೆ. ಆ ಕಿಡಿಯಲ್ಲಿ ಹರಿಯುವುದು ನೂರಾರು ಕಿಲೋಹರ್ಟ್ಸ್‌ನ ಕರೆಂಟ್. ಅಷ್ಟು ವೇಗವಾಗಿ ಸೊನ್ನೆ ದಾಟುವ ಕರೆಂಟನ್ನು ಎಣ್ಣೆ ಬ್ರೇಕರ್ ಸಾಮಾನ್ಯವಾಗಿ ಕತ್ತರಿಸಲಾರದು, ಮುಂದಿನ 50 ಹರ್ಟ್ಸ್ ಸೊನ್ನೆಯವರೆಗೆ ಕಾಯುತ್ತದೆ. ವ್ಯಾಕ್ಯೂಮ್ ಬಾಟಲ್ ಕಾಯುವುದಿಲ್ಲ, ಅಲ್ಲೇ ಕತ್ತರಿಸುತ್ತದೆ. ವೋಲ್ಟೇಜ್ ಈ ಸಲ ಇನ್ನೂ ಮೇಲೇರುತ್ತದೆ, ಮತ್ತೆ ಕಿಡಿ, ಮತ್ತೆ ಕತ್ತರಿ. ಒಂದು ಮಿಲಿಸೆಕೆಂಡಿನೊಳಗೆ ಹತ್ತಾರು ಸಲ. ಪ್ರತಿ ಕಿಡಿಗೂ ಮೈಕ್ರೋಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಏರುವ ಒಂದು ಅಲೆ ಕೇಬಲ್ಲಿಗೆ ನುಗ್ಗುತ್ತದೆ.

ಓಡುತ್ತಿರುವ ಮೋಟರ್‌ನಲ್ಲಿ ಇದಾಗದಿರಲು ಕಾರಣವಿದೆ. ಬ್ರೇಕರ್ ತೆರೆದರೂ ಮೋಟರ್ ತಿರುಗುತ್ತಲೇ ಇರುತ್ತದೆ, ಅದರ ಸ್ವಂತ ವೋಲ್ಟೇಜ್ ಸಪ್ಲೈ ಜೊತೆಗೇ ಸಾಗುತ್ತದೆ, ಗ್ಯಾಪ್‌ನ ಎರಡೂ ಬದಿಯ ವ್ಯತ್ಯಾಸ ನಿಧಾನಕ್ಕೆ ಬೆಳೆಯುತ್ತದೆ. ನಿಂತಿರುವ ಅಥವಾ ಆಗಷ್ಟೇ ತಿರುಗತೊಡಗಿದ ಮೋಟರ್‌ಗೆ ಆ ಸ್ವಂತ ವೋಲ್ಟೇಜ್ ಇಲ್ಲ, ಅದು ಬರೀ ಇಂಡಕ್ಟೆನ್ಸ್, ಅಂದರೆ ಕರೆಂಟ್ ತಟ್ಟನೆ ಕಡಿದರೆ ವೋಲ್ಟೇಜ್ ಏರಿಸುವ ಸುರುಳಿ. ಸ್ಟಾರ್ಟಿಂಗ್ ಕರೆಂಟ್ 600 ಆಂಪಿಯರ್‌ಗಿಂತ ಕಡಿಮೆ ಇರುವ ಮೋಟರ್‌ಗಳಿಗೆ ಸರ್ಜ್ ರಕ್ಷಣೆ ಕೊಡಿ ಎಂದು ಬ್ರೇಕರ್ ತಯಾರಕರು ಹೇಳುವುದು ಇದಕ್ಕೇ. ನಮ್ಮದು ಸುಮಾರು 260 ಆಂಪಿಯರ್.

ಎಲ್ಲರೂ ಮೊದಲು ಹೇಳುವ ಹೆಸರು ಕರೆಂಟ್ ಚಾಪಿಂಗ್, ಅಂದರೆ ಕರೆಂಟ್ ಸೊನ್ನೆ ಮುಟ್ಟುವ ಮೊದಲೇ ಬಾಟಲ್ ಅದನ್ನು ತಟ್ಟನೆ ಕಡಿಯುವುದು. ಲೆಕ್ಕ ಹಾಕಿ ನೋಡಿದೆ. 4 ಆಂಪಿಯರ್‌ನಲ್ಲಿ ಕತ್ತರಿಸಿತು ಅಂದುಕೊಂಡರೂ ನಮ್ಮ ಮೋಟರ್ ಮತ್ತು ನೂರು ಮೀಟರ್ ಕೇಬಲ್ಲಿಗೆ ಅದರಿಂದ ಬರುವುದು ಹೆಚ್ಚೆಂದರೆ 4 ಕೆವಿ ಆಸುಪಾಸು, ಅದೂ ನಾಲ್ಕು ಕಿಲೋಹರ್ಟ್ಸ್‌ನ ನಿಧಾನದ ಅಲೆ. ರಿಲೇಯನ್ನು ಕಂಗೆಡಿಸುವ ವೇಗ ಅದಕ್ಕಿಲ್ಲ.

ಇನ್ನು ಅಳತೆ. ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಯಂತ್ರ) ಕಡ ತಂದು, ಬೇರಿಂಗ್ ಟೆಂಪರೇಚರ್ ಅಳೆಯುವ ಆರ್‌ಟಿಡಿ ಸೆನ್ಸರಿನ ಟರ್ಮಿನಲ್‌ಗೆ ಪ್ರೋಬ್ ಹಾಕಿ ಟ್ರಿಪ್ ಕೊಟ್ಟೆವು. ಸ್ಕ್ರೀನ್ ತುಂಬ 80 ವೋಲ್ಟ್‌ನ ಕಾಡುಗೆರೆಗಳು. ಸಿಕ್ಕಿತು ಕಳ್ಳ ಎಂದು ಫೋಟೊ ತೆಗೆದು ಮ್ಯಾನೇಜರ್‌ಗೂ ಕಳಿಸಿದೆ. ಮರುದಿನ ಏನೋ ಅನುಮಾನ ಬಂದು ಪ್ರೋಬ್ ತುದಿಯನ್ನು ಅದರದೇ ಗ್ರೌಂಡ್ ಕ್ಲಿಪ್ಪಿಗೆ ಕಚ್ಚಿಸಿ, ಯಾವುದಕ್ಕೂ ತಾಗಿಸದೆ ಪ್ಯಾನೆಲ್ ಮುಂದೆ ಹಿಡಿದು ಟ್ರಿಪ್ ಮಾಡಿಸಿದೆ. ಅದೇ ಕಾಡುಗೆರೆ, 60 ವೋಲ್ಟ್! ಗ್ರೌಂಡ್ ವೈರಿನ ಆ ಗೇಣುದ್ದದ ಲೂಪ್ ಆಂಟೆನಾ ಆಗಿ ಕೂತಿತ್ತು. ಫೋಟೊ ವಾಪಸ್ ಪಡೆಯಲು ಬರುವಂತಿರಲಿಲ್ಲ. ಆಮೇಲೆ ಸ್ಕೋಪನ್ನು ಬ್ಯಾಟರಿ ಮೇಲೆ ಓಡಿಸಿ, ಗ್ರೌಂಡ್ ಕ್ಲಿಪ್ ಬದಲು ಸಣ್ಣ ಸ್ಪ್ರಿಂಗ್ ಹಾಕಿ, 6.6 ಕೆವಿ ಕೇಬಲ್ಲಿನ ಲೋಹದ ಹೊದಿಕೆಯ (ಸ್ಕ್ರೀನ್) ಅರ್ಥಿಂಗ್ ಪಟ್ಟಿಗೆ ಹೈ ಫ್ರೀಕ್ವೆನ್ಸಿ ಕ್ಲ್ಯಾಂಪ್ ಹಾಕಿದ ಮೇಲೆಯೇ ನಂಬಬಹುದಾದ ಚಿತ್ರ ಬಂದದ್ದು: ಬಾಚಣಿಗೆ ಹಲ್ಲಿನಂತೆ ಸಾಲು ಮಿಡಿತಗಳು, ಎಡದಿಂದ ಬಲಕ್ಕೆ ಎತ್ತರವಾಗುತ್ತಾ.

ಆದರೆ ನನಗೆ ನಿಜವಾಗಿ ಪಾಠ ಆದದ್ದು ಬೇರೆ ಪ್ರಯೋಗದಿಂದ. ಟ್ರಾಲಿಯನ್ನು ಟೆಸ್ಟ್ ಪೊಸಿಷನ್‌ಗೆ ಎಳೆದು, ಅಂದರೆ 6.6 ಕೆವಿ ಪೂರ್ತಿ ಬೇರ್ಪಟ್ಟಿರುವಾಗ, ಇಪ್ಪತ್ತು ಸಲ ಆನ್-ಆಫ್ ಮಾಡಿಸಿದೆ. ಬಾಟಲ್‌ನಲ್ಲಿ ಕಿಡಿಯ ಪ್ರಶ್ನೆಯೇ ಇಲ್ಲ. ಆದರೂ ಪಕ್ಕದ ರಿಲೇ ಎರಡು ಸಲ ರೀಸ್ಟಾರ್ಟ್ ಆಯಿತು. ಬ್ರೇಕರ್ ತೆರೆಯುವ ಟ್ರಿಪ್ ಕಾಯಿಲ್, ಮುಚ್ಚುವ ಕ್ಲೋಸಿಂಗ್ ಕಾಯಿಲ್, ಬ್ರೇಕರ್ ಪದೇ ಪದೇ ಮುಚ್ಚಿ ತೆರೆಯದಂತೆ ತಡೆಯುವ ಆಂಟಿ-ಪಂಪಿಂಗ್ ಕಾಂಟ್ಯಾಕ್ಟರ್, ಯಾವುದರ ಮೇಲೂ ಕಾಯಿಲಿನ ವೋಲ್ಟೇಜ್ ಏಟನ್ನು ನುಂಗುವ ಡಯೋಡ್ ಆಗಲಿ ವೇರಿಸ್ಟರ್ ಆಗಲಿ ಇರಲಿಲ್ಲ. ಕಾಯಿಲ್‌ನ ಡಿಸಿ ಕಡಿದಾಗ ಆಕ್ಸಿಲರಿ ಕಾಂಟ್ಯಾಕ್ಟಿನಲ್ಲಿ ಏಳುವ ಸಣ್ಣ ಕಿಡಿಗಳ ಮಳೆ ನೇರ ಕಂಟ್ರೋಲ್ ವೈರಿಂಗ್‌ನೊಳಗೇ ಸುರಿಯುತ್ತಿತ್ತು. ಎಲ್ಲ ಪಾಪವನ್ನೂ ಬಾಟಲ್ ಮೇಲೆ ಹೊರಿಸಿದ್ದೆವು, ಅದರಲ್ಲಿ ಒಂದು ಪಾಲು ಅಂಗೈಯಗಲದ ಕಾಯಿಲಿನದು.

ರಿಪೇರಿ ಅಲ್ಲಿಂದಲೇ ಶುರು ಮಾಡಿದೆವು. ಕಾಯಿಲ್‌ಗಳಿಗೆ ಡಯೋಡ್, ಕಾಂಟ್ಯಾಕ್ಟರ್ ಬಿಡುವುದು ತಡವಾಗಬಾರದೆಂದು ಅದಕ್ಕೆ ಮಾತ್ರ ವೇರಿಸ್ಟರ್. ಒಂದು ಡಯೋಡ್ ಉಲ್ಟಾ ಕೂತು ಟ್ರಿಪ್ ಕೊಟ್ಟ ಕೂಡಲೇ ಡಿಸಿ ಫ್ಯೂಸ್ ಹಾರಿತು. ಟೆಸ್ಟ್ ಪೊಸಿಷನ್‌ನಲ್ಲೇ ನೋಡಿದ್ದರಿಂದ ಬಚಾವ್. ಲೈವ್‌ನಲ್ಲಾಗಿದ್ದರೆ ಟ್ರಿಪ್ ಆಗಲಾರದ ಬ್ರೇಕರ್ ಒಂದು ಸದ್ದಿಲ್ಲದೆ ನಿಂತಿರುತ್ತಿತ್ತು.

ಆರ್‌ಟಿಡಿ ಕೇಬಲ್ ಕಥೆ ಬೇರೆ. 6.6 ಕೆವಿ ಕೇಬಲ್ ಜೊತೆ ಒಂದೇ ಟ್ರೇನಲ್ಲಿ ಮಲಗಿಕೊಂಡು ಬಂದು, ಪ್ಯಾನೆಲ್‌ನಲ್ಲಿ ಅದರ ಶೀಲ್ಡನ್ನು (ಹೊರಗಿನ ಗಲಾಟೆ ತಡೆಯುವ ಲೋಹದ ಹೊದಿಕೆ) ಹೆಣೆದು ಜಡೆ ಮಾಡಿ ಮೊಳದುದ್ದದ ಹಸಿರು ವೈರಿನಿಂದ ಅರ್ಥ್ ಬಾರ್‌ಗೆ ಕಟ್ಟಿದ್ದರು. ಮಲ್ಟಿಮೀಟರ್ ಇಟ್ಟರೆ ಸೊನ್ನೆ ಓಮ್. ಒಂದು ಮೆಗಾಹರ್ಟ್ಸ್‌ಗೆ ಅದೇ ವೈರ್ ಎರಡು ಮೂರು ಓಮ್. ಶೀಲ್ಡ್‌ನಲ್ಲಿ ಹತ್ತು ಆಂಪಿಯರ್ ಹರಿದರೂ ಇಪ್ಪತ್ತು ಮೂವತ್ತು ವೋಲ್ಟ್ ಅಲ್ಲೇ ಏಳುತ್ತದೆ. ಆರ್‌ಟಿಡಿ ಅಳೆಯುವ ಸರ್ಕ್ಯೂಟ್ ನೋಡುವುದು ಮಿಲಿವೋಲ್ಟ್. ಜಡೆ ಕತ್ತರಿಸಿ, ಶೀಲ್ಡನ್ನು ಸುತ್ತಲೂ ಹಿಡಿಯುವ ಲೋಹದ ಗ್ಲ್ಯಾಂಡ್ (ಕೇಬಲ್ ಒಳಹೋಗುವಲ್ಲಿನ ಬಿಗಿ ಬಳೆ) ಹಾಕಿ, ಕೇಬಲ್ಲನ್ನು ಬೇರೆ ಟ್ರೇಗೆ ಸರಿಸಿದೆವು. ಜೊತೆಗೆ ಬೇರಿಂಗ್ ಟ್ರಿಪ್‌ಗೆ ಎರಡು ಸೆಕೆಂಡ್ ಡಿಲೇ ಕೊಟ್ಟೆ. ಅದು ಕಳ್ಳದಾರಿ ಅಂದವರಿದ್ದಾರೆ. ಬೇರಿಂಗ್ ಮಿಲಿಸೆಕೆಂಡಿನಲ್ಲಿ ಬಿಸಿಯಾಗುವುದಿಲ್ಲವಲ್ಲ, ನನಗೆ ಮುಜುಗರವಿಲ್ಲ.

ಬಾಟಲ್‌ನ ಕಿಡಿಗಳೆಂಬ ಮೂಲದಲ್ಲಿ ಮಾತ್ರ ಒಂದು ತಪ್ಪು ಹೆಜ್ಜೆ ಇಟ್ಟೆವು. ಮೊದಲು ಜಿಂಕ್ ಆಕ್ಸೈಡ್ ಸರ್ಜ್ ಅರೆಸ್ಟರ್ ಹಾಕಿ ಕೈ ತೊಳೆದುಕೊಂಡೆವು. ಅದು ವೋಲ್ಟೇಜಿನ ತಲೆ ಸವರುತ್ತದೆ, ಅಲೆ ಏರುವ ವೇಗವನ್ನಾಗಲಿ ಕಿಡಿಗಳ ಎಣಿಕೆಯನ್ನಾಗಲಿ ತಗ್ಗಿಸುವುದಿಲ್ಲ. ಬಾಚಣಿಗೆ ಗಿಡ್ಡವಾಯಿತು, ಹಲ್ಲು ಹಾಗೇ ಉಳಿದವು. ಕೊನೆಗೆ ಮೋಟರ್ ಟರ್ಮಿನಲ್ ಹತ್ತಿರ ಫೇಸ್‌ಗೊಂದರಂತೆ 0.1 ಮೈಕ್ರೋಫ್ಯಾರಡ್ ಮತ್ತು 50 ಓಮ್‌ನ ಆರ್‌ಸಿ ಸ್ನಬ್ಬರ್ (ಅಲೆಯನ್ನು ನುಂಗುವ ರೆಸಿಸ್ಟರ್-ಕೆಪ್ಯಾಸಿಟರ್ ಜೋಡಿ) ಬಂತು. ರೆಸಿಸ್ಟರ್ ಬೆಲೆ ಕೇಬಲ್‌ನ ಸರ್ಜ್ ಇಂಪೀಡೆನ್ಸ್‌ಗೆ (ಓಡುವ ಅಲೆಗೆ ಕೇಬಲ್ ಒಡ್ಡುವ ತಡೆ) ಹತ್ತಿರವಿದ್ದರೆ ಅಲೆ ಅಲ್ಲೇ ಸಾಯುತ್ತದೆ. 50 ಹರ್ಟ್ಸ್‌ನಲ್ಲಿ ಅದು ಎಳೆಯುವುದು ಫೇಸ್‌ಗೆ 0.12 ಆಂಪಿಯರ್ ಮಾತ್ರ, ಆದರೂ ಅರ್ಥ್ ಫಾಲ್ಟ್ ಸೆಟ್ಟಿಂಗ್ ಒಮ್ಮೆ ತಾಳೆ ನೋಡಿಕೊಂಡೆವು. ಮತ್ತೆ ಕ್ಲ್ಯಾಂಪ್ ಹಾಕಿ, ಸ್ಟಾರ್ಟ್ ಮಾಡಿದ ಎರಡನೇ ಸೆಕೆಂಡಿಗೇ ಹದಿನೈದು ಸಲ ಟ್ರಿಪ್ ಕೊಟ್ಟೆವು, ಮೋಟರ್ ತಣ್ಣಗಾಗಲು ಬಿಟ್ಟು ಬಿಟ್ಟು ಮೂರು ದಿನ. ಹದಿಮೂರು ಸಲ ಒಂದೇ ಮಿಡಿತ, ಎರಡು ಸಲ ಎರಡು. ಪಕ್ಕದ ರಿಲೇ ಮಿಸುಕಲಿಲ್ಲ.

ಇದರ ನಡುವೆ ಹುಡುಗನೊಬ್ಬ ಬಾಟಲ್ ವ್ಯಾಕ್ಯೂಮ್ ಚೆಕ್ ಮಾಡಲು ಹೈಪಾಟ್ ಕಿಟ್ (ಹೈ ವೋಲ್ಟೇಜ್ ಕೊಟ್ಟು ಪರೀಕ್ಷಿಸುವ ಯಂತ್ರ) ಹಚ್ಚಿ ಬಗ್ಗಿ ನೋಡುತ್ತಿದ್ದ. ತೆರೆದ ಬಾಟಲ್‌ಗೆ ಹೈ ವೋಲ್ಟೇಜ್ ಕೊಟ್ಟರೆ ಅಲ್ಪ ಎಕ್ಸ್-ರೇ ಬರುತ್ತದೆ. ವಿದ್ಯುತ್ಕಾಂತೀಯ ಹೊಂದಾಣಿಕೆ, ಅಂದರೆ ಒಂದು ಉಪಕರಣದ ಗಲಾಟೆ ಇನ್ನೊಂದನ್ನು ಕೆಡಿಸದಿರುವುದು, ಅಂದಾಗ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸ್ವಿಚ್‌ಗೇರ್‌ನ ಅಂತರರಾಷ್ಟ್ರೀಯ ಮಾನದಂಡ ಐಇಸಿ 62271-1 ಪ್ರಕಾರ ಟೆಸ್ಟ್ ವೋಲ್ಟೇಜಿನಲ್ಲಿ ಒಂದು ಮೀಟರ್ ದೂರದಲ್ಲಿ ಗಂಟೆಗೆ 150 ಮೈಕ್ರೋಸೀವರ್ಟ್ ದಾಟಬಾರದು. ಭಯಪಡುವಂಥದ್ದಲ್ಲ, ಆದರೆ ಮುಖ ಹತ್ತಿರ ಇಡುವ ಕೆಲಸವೂ ಅಲ್ಲ. ಹಿಂದಕ್ಕೆ ಎಳೆದು ನಿಲ್ಲಿಸಿದೆ.

ಸ್ನಬ್ಬರ್ ಹಾಕಿ ಆರು ತಿಂಗಳಾಗಿರಬೇಕು, ರಾತ್ರಿ ಎರಡು ಗಂಟೆಗೆ ಶಿಫ್ಟ್ ಎಂಜಿನಿಯರ್ ಫೋನ್. “ಸರ್, ಮೋಟರ್ ಹೋಗಿದೆ ಅನ್ಸುತ್ತೆ. ಮೆಗ್ಗರ್ 17 ಮೆಗಾಓಮ್ ಮೇಲೆ ಏಳ್ತಾನೇ ಇಲ್ಲ, ಹೀಟರ್ ಹಾಕಿ ಒಣಗಿಸಲಾ?” ಮೆಗ್ಗರ್ ಅಂದರೆ ಇನ್ಸುಲೇಷನ್ ಎಷ್ಟು ಗಟ್ಟಿ ಎಂದು ಅಳೆಯುವ ಮೀಟರ್. ಆದರೆ ಸ್ನಬ್ಬರ್‌ನ ಕೆಪ್ಯಾಸಿಟರ್ ಒಳಗೆ, ಉಳಿದ ಚಾರ್ಜ್ ಇಳಿಸಲು ಡಿಸ್ಚಾರ್ಜ್ ರೆಸಿಸ್ಟರ್ ಇರುತ್ತದೆ, ನಮ್ಮಲ್ಲಿ 50 ಮೆಗಾಓಮ್‌ನದ್ದು. ಮೂರೂ ಫೇಸ್ ವೈಂಡಿಂಗ್ ಮೂಲಕ ಒಂದೇ ಕಡೆ ಸೇರಿರುವುದರಿಂದ ಮೂರೂ ಪ್ಯಾರಲಲ್. 50ನ್ನು ಮೂರರಿಂದ ಭಾಗಿಸಿ ನೋಡು, ಆಮೇಲೆ ಸ್ನಬ್ಬರ್ ಬಿಚ್ಚಿ, ಅರ್ಥ್ ರಾಡ್ ಮುಟ್ಟಿಸಿ, ಮತ್ತೆ ಮೆಗ್ಗರ್ ಮಾಡು ಅಂದೆ. ಅರ್ಧ ಗಂಟೆಗೆ ಮೆಸೇಜ್ ಬಂತು: “2000 ಮೇಲೆ ಇದೆ ಸರ್, ಮಲಗಿ.”